ಚಳಿಗಾಲದ ಬೆಳಗ್ಗೆ ತೋಟದಲ್ಲಿ ಮೆಟಲ್ ಡಿಟೆಕ್ಟರ್ ಸುಮ್ನೆ ಸುಮ್ನೆ ಕೂಗುತ್ತದೆ, ಯಾಕೆ?

ಕಾಫಿಕಣ_ಆಲೂರು:
ಎಲ್ಲರಿಗೂ ನಮಸ್ಕಾರ. ನಮ್ಮದು ಆಲೂರು, ಸಕಲೇಶಪುರದ ನಡುವೆ ಸಣ್ಣ ತೋಟ. ಅರೇಬಿಕಾ ಕುಯ್ಲು ನಡೆಯುತ್ತಿದೆ. ನಮ್ಮಲ್ಲಿ ಹಣ್ಣು ಬಿಡಿಸಲು ಬರುವ ಅಕ್ಕನೊಬ್ಬರ ಮಾಂಗಲ್ಯ ಸರ ಗಿಡದ ರೆಕ್ಕೆಗೆ, ಅಂದರೆ ಕೊಂಬೆಗೆ, ಸಿಕ್ಕಿ ಕಿತ್ತು ಎಲ್ಲೋ ಬಿದ್ದಿದೆ. ಗೊತ್ತಾಗಿದ್ದು ಸಂಜೆ ಮನೆಗೆ ಹೋದ ಮೇಲೆ. ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಮಾರನೇ ದಿನವೂ ಕೆಲಸಕ್ಕೆ ಬಂದರು. ಈಗಿನ ಚಿನ್ನದ ರೇಟಿನಲ್ಲಿ ಅವರು ಮತ್ತೊಂದು ಮಾಡಿಸುವುದು ಆಗದ ಮಾತು. ಹೇಗಾದರೂ ಹುಡುಕಿ ಕೊಡಬೇಕು ಅಂತ ಹಟ ಹಿಡಿದಿದ್ದೇನೆ.

ಹಾಸನದ ಗೆಳೆಯರೊಬ್ಬರು ಮೆಟಲ್ ಡಿಟೆಕ್ಟರ್ ಕೊಟ್ಟಿದ್ದಾರೆ. ಉದ್ದ ಕೋಲಿನ ತುದಿಯಲ್ಲಿ ತಟ್ಟೆ ಇರುವಂಥದ್ದು, ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಮನೆ ಅಂಗಳದಲ್ಲಿ ಉಂಗುರ ಇಟ್ಟು ನೋಡಿದರೆ ಸರಿಯಾಗಿಯೇ ಕೂಗುತ್ತದೆ. ಅದನ್ನೇ ಬೆಳಗ್ಗೆ ಆರೂವರೆಗೆ ತೋಟಕ್ಕೆ ಒಯ್ದರೆ ಏನೂ ಇಲ್ಲದ ಕಡೆಯೂ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಬ್ಯಾಟರಿ ಗೆರೆ ಬೇಗ ಇಳಿಯುತ್ತದೆ. ಬಿಸಿಲು ಬಂದ ಮೇಲೆ ಸುಮಾರಾಗಿ ಸರಿಹೋಗುತ್ತದೆ, ಆದರೆ ಎಂಟಕ್ಕೆ ಆಳುಗಳು ಬಂದರೆ ಆ ಸಾಲುಗಳಲ್ಲಿ ನಿಧಾನವಾಗಿ ಹುಡುಕುವುದು ಕಷ್ಟ. ಈ ಗಲಾಟೆ ಚಳಿಯಿಂದಲೋ, ಮಂಜಿನಿಂದಲೋ? ತಿಳಿದವರು ಹೇಳಿ.

ಮೂಡಿಗೆರೆ_ಮಳೆ:
ಸೆಲ್ಲು. ಬೇರೆ ಏನೂ ಅಲ್ಲ. ರಾತ್ರಿ ಜೀಪಿನಲ್ಲೇ ಬಿಟ್ಟಿದ್ದೀರಾ ನೋಡಿ.

ಹಾಸನ_ರೇಡಿಯೋ:
ಬ್ಯಾಟರಿ ಗೆರೆ ಇಳಿಯುವುದಕ್ಕೆ ಚಳಿ ಕಾರಣ ಇರಬಹುದು, ಒಪ್ಪುತ್ತೇನೆ. ಆಲ್ಕಲೈನ್ ಸೆಲ್ ಒಳಗೆ ನೀರು ಬೆರೆತ ರಾಸಾಯನಿಕ ಇರುತ್ತದೆ. ತಣ್ಣಗಾದಷ್ಟೂ ಅದರೊಳಗಿನ ಕ್ರಿಯೆ ನಿಧಾನ, ಒಳಗಿನ ತಡೆ ಜಾಸ್ತಿ. ಯಂತ್ರ ಕರೆಂಟು ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ, ಗೆರೆಯೂ ಇಳಿಯುತ್ತದೆ. ಅದೇ ಸೆಲ್ಲನ್ನು ಅಂಗಿ ಜೇಬಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಹಾಕಿ, ಗೆರೆ ಮತ್ತೆ ಮೇಲೆ ಬರುತ್ತದೆ. ಸೆಲ್ ಸತ್ತಿರುವುದಿಲ್ಲ, ಸುಮ್ನೆ ಬಿಸಾಕಬೇಡಿ.

ಇನ್ನೂ ಎರಡು ದಾರಿ ಇದೆ. ಒಂದು, ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಅದರದ್ದು 1.2 ವೋಲ್ಟ್, ಆಲ್ಕಲೈನ್‌ನದ್ದು 1.5. ಹಾಗಾಗಿ ಗೆರೆ ಮೊದಲಿಂದಲೇ ಒಂದು ಕಡಿಮೆ ತೋರಿಸಬಹುದು, ಗಾಬರಿ ಬೇಡ, ಕೊನೆತನಕ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಇರುತ್ತದೆ. ಇನ್ನೊಂದು ಲಿಥಿಯಂ ಪೆನ್ಸಿಲ್ ಸೆಲ್, ಚಾರ್ಜ್ ಮಾಡಲು ಬರದ ಜಾತಿ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕೆಲಸ ಮಾಡುತ್ತದೆ, ಹಗುರ, ಆದರೆ ದುಬಾರಿ. ನಿಮ್ಮ ಊರಿಗೆ ಅದು ಬೇಕಿಲ್ಲ.

ಆದರೆ ಆ ಟಿಕ್ ಟಿಕ್ ಸೆಲ್ಲಿನದ್ದಲ್ಲ. ಅದಕ್ಕೆ ಬೇರೆ ಕಾರಣ ಇದೆ.

ಮೂಡಿಗೆರೆ_ಮಳೆ:
ಸೆಲ್ ವೀಕ್ ಆದರೆ ಯಂತ್ರ ತಲೆಕೆಟ್ಟು ಕೂಗುವುದನ್ನು ನಾನೇ ನೋಡಿದ್ದೇನೆ ಮಾರಾಯ್ರೆ.

ಹಾಸನ_ರೇಡಿಯೋ:
ಪೂರ್ತಿ ವೀಕ್ ಆದಾಗ ಹೌದು. ಇವರದ್ದು ಹೊಸ ಸೆಲ್ ಹಾಕಿದರೂ ಬೆಳಗ್ಗೆ ಮಾತ್ರ ಕೂಗುತ್ತದಾ ಅಂತ ಮೊದಲು ಕೇಳೋಣ.

ಕಾಫಿಕಣ_ಆಲೂರು:
ಹೊಸ ಸೆಲ್ಲೇ ಸರ್. ಬೆಳಗ್ಗೆ ಮಾತ್ರ.

ಕೆಂಪುನೆಲ:
ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಎಲ್ಲರೂ ಚಳಿ ಚಳಿ ಅನ್ನುತ್ತಿದ್ದೀರಿ. ನಮ್ಮ ಕಡೆ ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಜಾವ 10, 12 ಡಿಗ್ರಿ ಆಸುಪಾಸು ಅಷ್ಟೇ. ಇಂಗ್ಲೆಂಡಿನಲ್ಲಿ ಬೆಳೆ ತೆಗೆದ ಹೊಲಗಳಲ್ಲಿ ಚಳಿಗಾಲದಲ್ಲೇ ಈ ಯಂತ್ರ ಹಿಡಿದು ಓಡಾಡುತ್ತಾರೆ. ಅವರಿಗೆ ನೆಲ ಹೆಪ್ಪುಗಟ್ಟಿ ಅಗೆಯಲು ಬರದಿರುವುದು ಕಷ್ಟ. ನಮಗೆ ಆ ಕಷ್ಟ ಇಲ್ಲ, ನಮ್ಮ ಕಷ್ಟ ಮಣ್ಣು.

ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿತ್ತು, ಕುದುರೆಮುಖದಲ್ಲಿ 2005ರ ಕೊನೆವರೆಗೆ ಮ್ಯಾಗ್ನೆಟೈಟ್ ಗಣಿ ಇತ್ತು. ಅಷ್ಟು ದೊಡ್ಡ ನಿಕ್ಷೇಪ ಎಲ್ಲ ಕಡೆ ಇಲ್ಲ ನಿಜ, ಆದರೆ ತೋಟದ ಮಣ್ಣು, ಜಂಬಿಟ್ಟಿಗೆ ಚೂರು, ಕಪ್ಪು ಕಲ್ಲು ಇವೆಲ್ಲ ಯಂತ್ರಕ್ಕೆ ಲೋಹದ ಭ್ರಮೆ ಹುಟ್ಟಿಸುತ್ತವೆ. ಅದಕ್ಕೇ ಗ್ರೌಂಡ್ ಬ್ಯಾಲೆನ್ಸ್ ಅಂತ ಇರುವುದು. ಲೋಹ ಇಲ್ಲದ ಜಾಗದಲ್ಲಿ ತಟ್ಟೆಯನ್ನು ನೆಲದಿಂದ ಒಂದು ಗೇಣು ಎತ್ತಿ, ಇಳಿಸಿ, ಎತ್ತಿ, ಇಳಿಸಿ. ಏರಿಳಿತಕ್ಕೆ ಸದ್ದು ಬದಲಾಗದ ಹಾಗೆ ಹೊಂದಿಸಿಕೊಳ್ಳಿ. ಬೆಳಗ್ಗೆ ಒದ್ದೆ ನೆಲಕ್ಕೆ ಹೊಂದಿಸಿದ್ದು ಮಧ್ಯಾಹ್ನದ ಒಣ ನೆಲಕ್ಕೆ ಆಗುವುದಿಲ್ಲ, ಮತ್ತೆ ಮಾಡಬೇಕು. ಕೆಲವು ಸಾದಾ ಯಂತ್ರಗಳಲ್ಲಿ ಇದು ಕಂಪನಿಯಲ್ಲೇ ಕೂತಿರುತ್ತದೆ, ನಾವು ಮುಟ್ಟಲು ಬರುವುದಿಲ್ಲ. ಅಂಥದ್ದಾದರೆ ಸೆನ್ಸಿಟಿವಿಟಿ ಇಳಿಸುವುದೊಂದೇ ದಾರಿ.

ಹೊಸಬ_ಅರಸೀಕೆರೆ:
ಸೆನ್ಸಿಟಿವಿಟಿ ಇಳಿಸಿದರೆ ಆಳಕ್ಕೆ ಹೋಗುವುದಿಲ್ಲ ಅಲ್ವಾ?

ಕಡೂರು_ಅಕ್ಕ:
ಆಳ ಯಾಕೆ ಬೇಕಪ್ಪ? ಸರ ಬಿದ್ದಿದ್ದು ಮೊನ್ನೆ ಮೊನ್ನೆ. ದರಗಿನ (ಉದುರಿದ ಒಣ ಎಲೆಯ) ಮೇಲೋ ಕೆಳಗೋ ಇರುತ್ತದೆ. ಒಂದು ಗೇಣು ಆಳಕ್ಕೆ ತಾನಾಗಿ ಇಳಿದುಬಿಡುತ್ತದಾ? ಅರ್ಧಕ್ಕೆ ಇಳಿಸಿ, ನಿಧಾನ ಆಡಿಸಿ, ತಟ್ಟೆ ದರಗಿಗೆ ತಾಗುವಷ್ಟು ಕೆಳಗಿರಲಿ.

ಇನ್ನೊಂದು ಮಾತು. ಹಣ್ಣು ಬಿಡಿಸುವಾಗ ಕೆಳಗೆ ಹಾಸುವ ಟಾರ್ಪಾಲು, ಸೊಂಟಕ್ಕೆ ಕಟ್ಟುವ ಚೀಲ, ಇವನ್ನು ಕೊಡವಿ ನೋಡಿದ್ದೀರಾ? ಅವತ್ತಿನ ಹಣ್ಣು ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹೋಯಿತಾ, ಇನ್ನೂ ಮೂಟೆಯಲ್ಲಿದೆಯಾ? ಹಣ್ಣಿನಲ್ಲಿ ಕಬ್ಬಿಣವೂ ಇಲ್ಲ ಕಲ್ಲೂ ಇಲ್ಲ, ಮೂಟೆ ಮೇಲೆ ಯಂತ್ರ ಆಡಿಸಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲು ಅದು ಮಾಡಿ.

ಕಾಫಿಕಣ_ಆಲೂರು:
ಅಕ್ಕ, ಒಳ್ಳೆ ಮಾತು ಹೇಳಿದಿರಿ. ಅವತ್ತಿನ ಹಣ್ಣು ಹಾಗೇ ಕಣದಲ್ಲಿ ಒಣಗಲು ಹಾಕಿದ್ದೇವೆ, ಚೆರ್ರಿ ಮಾಡುತ್ತಿದ್ದೇವೆ. ಇವತ್ತೇ ನೋಡುತ್ತೇನೆ.

ಸಾಮಿಲ್_ಕೊಪ್ಪ:
ಕಣ ಸಿಮೆಂಟಿನದಾದರೆ ಒಳಗೆ ಕಂಬಿ ಇರಬಹುದು, ಕೂಗುತ್ತದೆ. ಹಣ್ಣನ್ನು ಮಣ್ಣಿನ ಕಡೆ ಎಳೆದು ನೋಡಿ.

ಜೀಪುಗಾಡಿ:
ಕಾಲಿಗೆ ಏನು ಹಾಕುತ್ತೀರಿ? ಮುಂದೆ ಸ್ಟೀಲ್ ಇರುವ ಬೂಟು ಹಾಕಿದ್ದರೆ ಪ್ರತಿ ಹೆಜ್ಜೆಗೂ ಕೂಗುತ್ತದೆ. ಸೊಂಟದ ಕತ್ತಿಯನ್ನೂ ದೂರ ಇಡಿ. ಮೊಬೈಲ್ ಕೂಡ.

ಹಾಸನ_ರೇಡಿಯೋ:
ಇವರು ಹೇಳಿದ್ದು ಸರಿ. ತಟ್ಟೆಯ ಕೇಬಲ್ ಕೂಡ ನೋಡಿ. ಚಳಿಗೆ ಕೇಬಲ್ ಬಿರುಸಾಗುತ್ತದೆ, ಕೋಲಿಗೆ ಬಿಗಿಯಾಗಿ ಸುತ್ತಿರದಿದ್ದರೆ ತಟ್ಟೆ ಹತ್ತಿರ ಅಲ್ಲಾಡಿ ಸುಳ್ಳು ಸದ್ದು ಕೊಡುತ್ತದೆ. ತಟ್ಟೆಯ ಕೆಳಗೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಬಿಚ್ಚಿ ತೊಳೆಯಿರಿ. ಅದರ ಸಂದಿಯಲ್ಲಿ ಇಬ್ಬನಿ ನೀರು ಮತ್ತು ಕೆಂಪು ಮಣ್ಣು ಸೇರಿ ಕೂತಿರುತ್ತದೆ, ಇದನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಒಂದು ಪ್ರಶ್ನೆ. ಟಿಕ್ ಟಿಕ್ ಅಂದಿರಲ್ಲ, ಅದು ಒಂದೇ ತಾಳದಲ್ಲಾ? ತಟ್ಟೆ ಆಡಿಸದೆ ಸುಮ್ನೆ ಹಿಡಿದು ನಿಂತರೂ ಬರುತ್ತದಾ?

ಕಾಫಿಕಣ_ಆಲೂರು:
ಹೌದು ಸರ್. ಗಡಿಯಾರ ನೋಡಿದೆ, ಸೆಕೆಂಡಿಗೆ ಒಂದರಂತೆ ಬರುತ್ತದೆ. ಸುಮ್ನೆ ನಿಂತರೂ ಬರುತ್ತದೆ. ಕೆಳಗಿನ ಸಾಲುಗಳಲ್ಲಿ ಜಾಸ್ತಿ.

ಹಾಸನ_ರೇಡಿಯೋ:
ಕೆಳಗಿನ ಸಾಲಿನ ಆಚೆ ಸೋಲಾರ್ ಬೇಲಿ ಇದೆಯಾ?

ಕಾಫಿಕಣ_ಆಲೂರು:
ಇದೆ! ಆನೆ ಕಾಟಕ್ಕೆ ಹಾಕಿದ್ದು. ಸಂಜೆ ಆನ್ ಮಾಡಿದರೆ ಬೆಳಗ್ಗೆ ಆಳುಗಳು ಬರುವ ಹೊತ್ತಿಗೆ ಆಫ್ ಮಾಡುತ್ತೇವೆ.

ಹಾಸನ_ರೇಡಿಯೋ:
ಸಿಕ್ಕಿತು ನೋಡಿ. ಬೇಲಿಯ ಎನರ್ಜೈಸರ್ ಕರೆಂಟನ್ನು ಸತತವಾಗಿ ಬಿಡುವುದಿಲ್ಲ. ಸುಮಾರು ಸೆಕೆಂಡಿಗೆ ಒಂದು ಸಲ, ಸಾವಿರಾರು ವೋಲ್ಟಿನ ಪುಟ್ಟ ಹೊಡೆತ ಬಿಡುತ್ತದೆ. ಮುಟ್ಟಿದವರು ಕೈ ಬಿಡಲು ಸಮಯ ಸಿಗಲಿ ಅಂತಲೇ ಹಾಗೆ ಮಾಡಿರುವುದು. ಆ ಪ್ರತಿ ಹೊಡೆತಕ್ಕೂ ತಂತಿ ಉದ್ದಕ್ಕೂ ರೇಡಿಯೋ ಸದ್ದು ಏಳುತ್ತದೆ. ಬೆಳಗ್ಗೆ ಇಬ್ಬನಿಗೆ ಹುಲ್ಲು, ಬಳ್ಳಿ ಎಲ್ಲ ಒದ್ದೆ. ತಂತಿಗೆ ತಾಗಿದ ಕಡೆಯಲ್ಲೆಲ್ಲ ಕರೆಂಟು ಸೋರಿ ಚಿಟಿಪಿಟಿ ಕಿಡಿ ಹಾರುತ್ತದೆ. ಆಗ ಗಲಾಟೆ ಇನ್ನೂ ಹೆಚ್ಚು. ಹಳೇ ರೇಡಿಯೋ ಹಚ್ಚಿ ಬೇಲಿ ಹತ್ತಿರ ಹೋಗಿ, ಅದರಲ್ಲೂ ಇದೇ ಟಿಕ್ ಕೇಳುತ್ತದೆ. ಬಿಸಿಲು ಬಂದರೆ ಸರಿಹೋಗುತ್ತದೆ ಅಂದಿರಲ್ಲ. ಹುಲ್ಲೂ ಒಣಗಿತು, ಬೇಲಿಯೂ ಆಫ್ ಆಯಿತು. ಚಳಿಗೂ ಇದಕ್ಕೂ ಸಂಬಂಧ ಇಲ್ಲ.

ಮೂಡಿಗೆರೆ_ಮಳೆ:
ಇದು ಹೊಳೆದಿರಲಿಲ್ಲ. ಭಲೇ.

ಕೆಂಪುನೆಲ:
ಚಳಿಗೆ ಸಂಬಂಧ ಇಲ್ಲ ಅಂತ ಪೂರ್ತಿ ಹೇಳಬೇಡಿ ಸರ್, ಇಬ್ಬನಿ ಬೀಳುವುದೇ ನೆಲ ತಣ್ಣಗಾಗುವುದರಿಂದ. ಆದರೆ ಬೇಲಿಯ ಮಾತು ಒಪ್ಪಿದೆ. ಕೆಲವು ಯಂತ್ರದಲ್ಲಿ ಫ್ರೀಕ್ವೆನ್ಸಿ ಸ್ವಲ್ಪ ಆಚೀಚೆ ಸರಿಸುವ ಬಟನ್ ಇರುತ್ತದೆ, ನಾಯ್ಸ್ ಕ್ಯಾನ್ಸಲ್ ಅನ್ನುತ್ತಾರೆ. ಅದನ್ನೂ ಒತ್ತಿ ನೋಡಿ.

ಹೊಸಬ_ಅರಸೀಕೆರೆ:
ಹಾಗಾದರೆ ಬೇಲಿ ಆಫ್ ಮಾಡಿ ಆರೂವರೆಗೇ ಹುಡುಕಿದರಾಯಿತು. ಹೆಡ್‌ಫೋನ್ ಹಾಕಿಕೊಳ್ಳಿ, ಸಣ್ಣ ಸದ್ದೂ ಕೇಳುತ್ತದೆ, ಸ್ಪೀಕರ್ ಓಡದೆ ಬ್ಯಾಟರಿಯೂ ಉಳಿಯುತ್ತದೆ.

ಆನೆದಾರಿ:
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಆಲೂರು, ಸಕಲೇಶಪುರ, ಬೇಲೂರು ಈ ಮೂರೂ ತಾಲ್ಲೂಕಿನಲ್ಲಿ ತೋಟದೊಳಗೇ ಆನೆ ಇರುತ್ತದೆ. ಮಂಜು ಕವಿದ ಬೆಳಗ್ಗೆ ಹತ್ತು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ಕಾಫಿ ಗಿಡದ ನಡುವೆ ಕಲ್ಲಿನ ಹಾಗೆ ನಿಂತಿರುತ್ತದೆ. ಅದು ಬಂದಿದೆ ಅಂತ ನಮಗೆ ಗೊತ್ತಾಗುವುದು ಕಿವಿಯಿಂದ ಮಾತ್ರ: ಕೊಂಬೆ ಮುರಿದ ಸದ್ದು, ಹೊಟ್ಟೆಯ ಗುಡುಗು, ಕಿವಿ ಬಡಿಯುವುದು. ಹೆಡ್‌ಫೋನ್ ಹಾಕಿ, ತಲೆ ಬಗ್ಗಿಸಿ, ನೆಲ ನೋಡುತ್ತಾ ನಡೆದರೆ ಏನಾಗುತ್ತದೆ ಅಂತ ಯೋಚಿಸಿ. ತೋಟದ ಕೆಲಸಕ್ಕೆ ಹೋದ ಎಷ್ಟು ಜನ ಹೀಗೇ ಬೆಳಗಿನ ಹೊತ್ತು ಸತ್ತಿದ್ದಾರೆ. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ಮಾಡಿದ್ದೂ ಇದಕ್ಕೇ.

ಬೇಲಿ ಆಫ್ ಮಾಡುವುದೇ ಆದರೆ ಬಿಸಿಲು ಏರಿದ ಮೇಲೆ ಮಾಡಿ. ಅರಣ್ಯ ಇಲಾಖೆಯವರ ಸಂದೇಶದಲ್ಲಿ ಹಿಂಡು ಎಲ್ಲಿದೆ ಅಂತ ನೋಡಿಕೊಳ್ಳಿ. ಜೊತೆಗೆ ಒಬ್ಬರು ಸುಮ್ನೆ ಸುತ್ತ ನೋಡುತ್ತಾ ನಿಲ್ಲಲಿ. ಆ ಅಕ್ಕನ ಸರಕ್ಕಿಂತ ನಿಮ್ಮ ಜೀವ ದೊಡ್ಡದು ಅಂತ ಆ ಅಕ್ಕನೇ ಹೇಳುತ್ತಾರೆ.

ಕಡೂರು_ಅಕ್ಕ:
ನೂರಕ್ಕೆ ನೂರು ಸರಿ. ಆ ನಾಲ್ಕು ಸಾಲಿನ ಕುಯ್ಲನ್ನು ಮುಂದಕ್ಕೆ ಹಾಕಿ, ಆಳುಗಳನ್ನು ಬೇರೆ ಕಡೆ ಬಿಡಿ. ಹನ್ನೊಂದು ಗಂಟೆಗೆ ಆರಾಮಾಗಿ ಹುಡುಕಬಹುದು. ಹಣ್ಣು ಎರಡು ದಿನ ಗಿಡದಲ್ಲೇ ಇದ್ದರೆ ಏನೂ ಆಗುವುದಿಲ್ಲ.

ಕಾಫಿಕಣ_ಆಲೂರು:
ಆಗಲಿ. ಹಾಗೇ ಮಾಡುತ್ತೇನೆ.

ನಿಧಿ_ಹುಡುಗ:
ಯಂತ್ರ ಕೈಯಲ್ಲಿದೆ ಅಂದಮೇಲೆ ಹಳೇಬೀಡು ಸುತ್ತಮುತ್ತ, ಇಲ್ಲ ಮಂಜರಾಬಾದ್ ಕೋಟೆ ಹತ್ತಿರ ಒಂದು ರೌಂಡ್ ಹಾಕಿ ಅಣ್ಣ. ಹೊಯ್ಸಳರ ಕಾಲದ್ದು ಏನಾದರೂ ಸಿಗುತ್ತದೆ. ನಾನೂ ಬರುತ್ತೇನೆ.

ಬೇಲೂರು_ಬಾವಿ:
ತಮ್ಮಾ, ಈ ಯೋಚನೆ ಇಲ್ಲಿಗೇ ಬಿಡು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆ ಪ್ರಕಾರ ಅಪರಾಧ. ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ವಂತ ಜಮೀನಿನಲ್ಲೇ ಹೂತ ಒಡವೆ, ನಾಣ್ಯ ಸಿಕ್ಕರೂ ಇಟ್ಟುಕೊಳ್ಳುವ ಹಾಗಿಲ್ಲ. ನಿಧಿ ಬಗ್ಗೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷ ದಾಟಿದ ವಿಗ್ರಹ, ನಾಣ್ಯಗಳಿಗೆ 1972ರ ಪುರಾತನ ವಸ್ತು ಕಾಯ್ದೆ ಬೇರೆ.

ಕಾನೂನು ಪಕ್ಕಕ್ಕಿರಲಿ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಹೋಗಿ ನೋಡು. ಪಾಳುಬಿದ್ದ ಗುಡಿಯ ಲಿಂಗ ಕಿತ್ತು ಕೆಳಗೆ ಗುಂಡಿ ತೋಡಿರುತ್ತಾರೆ. ವೀರಗಲ್ಲು ಉರುಳಿಸಿರುತ್ತಾರೆ. ಒಂದು ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಇತ್ತು ಅನ್ನುವುದರಿಂದಲೇ ಅದರ ಕಾಲ ತಿಳಿಯುವುದು. ಕಿತ್ತು ತೆಗೆದ ಮೇಲೆ ಅದು ಬರೀ ಲೋಹ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಆ ನೆಲದಲ್ಲಿ ಹುಟ್ಟಿದ ನಾವೇ ಅಗೆದು ಹಾಕಿದರೆ ಕಾಯುವವರು ಯಾರು?

ನಿಧಿ_ಹುಡುಗ:
ಅಷ್ಟೊಂದು ಗೊತ್ತಿರಲಿಲ್ಲ ಸರ್. ಆಸಕ್ತಿ ಇದೆ ಅಂತ ಕೇಳಿದೆ.

ಬೇಲೂರು_ಬಾವಿ:
ಆಸಕ್ತಿ ಇದ್ದರೆ ಹಳೇಬೀಡಿನ ಮ್ಯೂಸಿಯಂಗೆ ಬಾ, ಶಾಸನ ಓದುವುದು ಕಲಿ. ನಿನ್ನೂರಿನ ವೀರಗಲ್ಲುಗಳ ಫೋಟೋ ತೆಗೆದು ಎಲ್ಲೆಲ್ಲಿವೆ ಅಂತ ಬರೆದಿಡು. ಅದಕ್ಕೆ ಯಂತ್ರ ಬೇಡ.

ಜೀಪುಗಾಡಿ:
ವಿಷಯ ಎಲ್ಲಿಗೋ ಹೋಯಿತು. ಸರ ಹುಡುಕುವ ಬಗ್ಗೆ ಇನ್ನೊಂದು. ಸಣ್ಣ ಕೊಂಡಿಯ ಚಿನ್ನದ ಸರ ಯಂತ್ರಕ್ಕೆ ಸಿಗುವುದು ಬಹಳ ಕಷ್ಟ. ಅದು ಸರವನ್ನು ಒಂದು ತುಂಡಾಗಿ ನೋಡುವುದಿಲ್ಲ, ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಸರದ ತೂಕ ಎಷ್ಟಿದ್ದರೂ ಸದ್ದು ಸಣ್ಣದು. ತಾಳಿ ಬೊಟ್ಟು ಅಗಲ ಇರುವುದರಿಂದ ಬೇಗ ಸಿಗುತ್ತದೆ. ಅದನ್ನೇ ಗುರಿ ಇಡಿ.

ಹಾಸನ_ರೇಡಿಯೋ:
ಇದಕ್ಕೆ ಸೇರಿಸುತ್ತೇನೆ. ಕಸ ಕೂಗಬಾರದು ಅಂತ ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ಕೂಗದಂತೆ ಮಾಡುವ ಸೆಟ್ಟಿಂಗ್) ಏರಿಸಬೇಡಿ. ಸಣ್ಣ ಚಿನ್ನವೂ ಅಲ್ಯೂಮಿನಿಯಂ ಹಾಳೆಯೂ ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬರುತ್ತವೆ. ಮಾತ್ರೆ ಪಟ್ಟಿ ಬೇಡ ಅಂತ ಅದನ್ನು ಮುಚ್ಚಿದರೆ ಚಿನ್ನವೂ ಮುಚ್ಚಿಹೋಗುತ್ತದೆ. ಮನೆಯಲ್ಲಿ ಅದೇ ಥರದ ತಾಳಿ ಬೊಟ್ಟು ಇದ್ದರೆ ದರಗಿನ ಕೆಳಗೆ ಇಟ್ಟು ಆ ಸದ್ದನ್ನು ಕಿವಿಗೆ ರೂಢಿ ಮಾಡಿಕೊಳ್ಳಿ. ಆಮೇಲೆ ಆ ಥರದ ಸದ್ದು ಬಂದ ಕಡೆಯೆಲ್ಲ ದರಗು ಸರಿಸಿ ನೋಡಲೇಬೇಕು. ಹತ್ತು ಸಲ ಮಾತ್ರೆ ಪಟ್ಟಿ ಸಿಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕಡೂರು_ಅಕ್ಕ:
ಮನೆಯಾಕೆಯ ತಾಳಿ ಕೇಳಬೇಡಿ ಮತ್ತೆ, ಯಾರೂ ಬಿಚ್ಚಿ ಕೊಡುವುದಿಲ್ಲ. ಕಿವಿಯ ಓಲೆ ಸಾಕು.

ಸಾಮಿಲ್_ಕೊಪ್ಪ:
ನಾಲ್ಕು ಗಿಡದ ನಡುವಿನ ಚೌಕವನ್ನು ಒಂದು ಮನೆ ಅಂತ ಲೆಕ್ಕ ಹಿಡಿಯಿರಿ. ಒಂದು ಮನೆಯನ್ನು ಉದ್ದಕ್ಕೂ ಅಡ್ಡಕ್ಕೂ ಪೂರ್ತಿ ಮುಗಿಸಿ, ಗಿಡಕ್ಕೆ ಬಟ್ಟೆ ಚೂರು ಕಟ್ಟಿ ಮುಂದೆ ಹೋಗಿ. ಎಲ್ಲಿ ಮನಸ್ಸು ಬಂತೋ ಅಲ್ಲಿ ಆಡಿಸಿದರೆ ವರ್ಷ ಆದರೂ ಸಿಗುವುದಿಲ್ಲ. ಗಿಡದ ಬುಡಕ್ಕೆ ದೊಡ್ಡ ತಟ್ಟೆ ಹೋಗದು, ಅಲ್ಲಿ ಕೈಯಲ್ಲೇ ದರಗು ಕೆದಕಬೇಕು. ಸರ ರೆಕ್ಕೆಗೆ ಸಿಕ್ಕಿ ಕಿತ್ತಿದ್ದು ಅಂದರೆ ಬುಡದ ಹತ್ತಿರವೇ ಬಿದ್ದಿರುತ್ತದೆ.

ಕಾಫಿಕಣ_ಆಲೂರು:
ಎಲ್ಲರಿಗೂ ಹೇಳಲೇಬೇಕು, ಸಿಕ್ಕಿತು! ಕಣದ ಹಣ್ಣಿನಲ್ಲಿ ಏನೂ ಇರಲಿಲ್ಲ. ನಿನ್ನೆ ಹನ್ನೊಂದರ ನಂತರ ಬೇಲಿ ಆಫ್ ಮಾಡಿ ಹೋದೆವು, ಆ ಟಿಕ್ ಟಿಕ್ ಪೂರ್ತಿ ನಿಂತಿತ್ತು. ಸೆನ್ಸಿಟಿವಿಟಿ ಅರ್ಧಕ್ಕೆ ಇಟ್ಟೆ. ನಮ್ಮ ತೋಟದ ಲೆಕ್ಕ ನೋಡುವ ರೈಟರು ಸುತ್ತ ನೋಡುತ್ತಾ ನಿಂತರು. ಬಾಟಲಿ ಮುಚ್ಚಳ, ಮಾತ್ರೆ ಪಟ್ಟಿ, ಮುರಿದ ಕತ್ತಿಯ ತುದಿ, ಎಲ್ಲ ಬಂತು. ಕೊನೆಗೆ ಒಂದು ಸಿಲ್ವರ್ (ಸಿಲ್ವರ್ ಓಕ್) ಮರದ ಪಕ್ಕದ ಗಿಡದ ಬುಡದಲ್ಲಿ ಎರಡೂ ತಾಳಿ ಬೊಟ್ಟು, ಕರಿಮಣಿ, ಸರದ ದೊಡ್ಡ ತುಂಡು ಒಟ್ಟಿಗೇ ಸಿಕ್ಕಿದವು. ಕೆಲವು ಗುಂಡು ಸಿಗಲಿಲ್ಲ. ಆ ಅಕ್ಕ ಅಲ್ಲೇ ಕೂತು ಅತ್ತುಬಿಟ್ಟರು. ನಿಮಗೆಲ್ಲ ತುಂಬ ಋಣಿ.

ಮೂಡಿಗೆರೆ_ಮಳೆ:
ಓದಿ ಖುಷಿಯಾಯಿತು ಮಾರಾಯ್ರೆ!

ಆನೆದಾರಿ:
ಬಹಳ ಸಂತೋಷ. ಜೊತೆಗೆ ಒಬ್ಬರನ್ನು ನಿಲ್ಲಿಸಿದ್ದಕ್ಕೆ ಇನ್ನೂ ಸಂತೋಷ.

ಕಡೂರು_ಅಕ್ಕ:
ಗುಂಡು ಟೊಳ್ಳು, ಕಾಳಿನಷ್ಟು ಚಿಕ್ಕದು, ಯಂತ್ರಕ್ಕೆ ಸಿಗುವುದು ಅನುಮಾನ. ಆ ಗಿಡದ ಬುಡದ ದರಗನ್ನೂ ಮೇಲಿನ ಒಂದಿಂಚು ಮಣ್ಣನ್ನೂ ಮೊರಕ್ಕೆ ತುಂಬಿ, ಒಣಗಿಸಿ, ಜರಡಿ ಹಿಡಿಯಿರಿ. ಸಿಕ್ಕೇ ಸಿಗುತ್ತದೆ.

ಸಾಮಿಲ್_ಕೊಪ್ಪ:
ಸಿಲ್ವರ್ ಮರ ಅಂದಿರಲ್ಲ, ಅದಕ್ಕೆ ಒಂದು ಮಾತು. ಮರ ಕಡಿಸುವ ಮುಂಚೆ ಈ ಯಂತ್ರ ಆಡಿಸಿ ನೋಡಿ. ಮೆಣಸಿನ ಬಳ್ಳಿ ಕಟ್ಟಲು, ಬೇಲಿ ತಂತಿ ಬಿಗಿಯಲು ಹೊಡೆದ ಮೊಳೆಯನ್ನು ಮರ ಒಳಗೆ ನುಂಗಿಕೊಂಡು ಬೆಳೆದಿರುತ್ತದೆ, ಹೊರಗೆ ಗುರುತೇ ಇರುವುದಿಲ್ಲ. ಗರಗಸದ ಹಲ್ಲು ಅದಕ್ಕೆ ಬಡಿದರೆ ಬ್ಲೇಡ್ ಹರಿದು ಹಾರುತ್ತದೆ, ನಿಂತವರಿಗೆ ಅಪಾಯ. ನಮ್ಮಲ್ಲಿ ದಿಮ್ಮಿ ಬಂದ ಕೂಡಲೇ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್ ಆಡಿಸಿಯೇ ಗರಗಸಕ್ಕೆ ಹಾಕುವುದು.

ಕೆಂಪುನೆಲ:
ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲೂ ಬೀಜದಲ್ಲಿ ಸೇರಿದ ಕಬ್ಬಿಣದ ಚೂರು ತೆಗೆಯಲು ಮ್ಯಾಗ್ನೆಟ್ ಇಟ್ಟಿರುತ್ತಾರೆ. ಹುಲಿ ಕಾಡುಗಳಲ್ಲಿ ಬೇಟೆಗಾರರು ದರಗಿನ ಕೆಳಗೆ ಇಟ್ಟ ಕಬ್ಬಿಣದ ಬೋನು, ಉರುಳು ಹುಡುಕಲು ಅರಣ್ಯ ಇಲಾಖೆಯವರು ಬಳಸುವುದೂ ಇದೇ ಥರದ ಯಂತ್ರ. ನಿಧಿ ಬಿಟ್ಟು ಎಷ್ಟೊಂದು ಕೆಲಸ ಇದೆ ನೋಡಿ.

ಹಾಸನ_ರೇಡಿಯೋ:
ಆಲೂರಿನವರೇ, ಯಂತ್ರ ವಾಪಸ್ ಕೊಡುವ ಮುಂಚೆ ಸೆಲ್ ತೆಗೆದುಬಿಡಿ. ಸೋರಿದರೆ ತುಕ್ಕು ಹಿಡಿದು ಸ್ಪ್ರಿಂಗ್ ಹಾಳಾಗುತ್ತದೆ. ಚಳಿಯಲ್ಲಿ ಬಳಸಿ ತಂದದ್ದನ್ನು ನೇರ ಬಚ್ಚಲ ಒಲೆ ಹತ್ತಿರ ಇಡಬೇಡಿ. ತಣ್ಣಗಿನ ಯಂತ್ರ ಬಿಸಿ ಗಾಳಿಗೆ ಬಂದರೆ ಪರದೆಯ ಒಳಗೂ ನೀರು ಕಟ್ಟುತ್ತದೆ. ಚೀಲದಲ್ಲೇ ಜಗಲಿ ಮೇಲೆ ಒಂದು ಗಂಟೆ ಇಟ್ಟು ಆಮೇಲೆ ಒಳಗೆ ಒಯ್ಯಿರಿ.

ಮೂಡಿಗೆರೆ_ಮಳೆ:
ವಾಪಸ್ ಕೊಡುವ ಮುಂಚೆ ನನಗೊಂದು ದಿನ ಕೊಡಿಸಲು ಆಗುತ್ತದಾ? ಸ್ಪ್ರಿಂಕ್ಲರ್ ಲೈನಿನ ವಾಲ್ವ್ ಒಂದು ಮಣ್ಣಲ್ಲಿ ಹೂತುಹೋಗಿದೆ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಫೆಬ್ರವರಿಯಲ್ಲಿ ನೀರು ಕೊಡಲೇಬೇಕು, ಪೈಪು ಯಾವ ಕಡೆ ಹೋಗಿದೆ ಅಂತಲೂ ಗೊತ್ತಿಲ್ಲ.

ಹಾಸನ_ರೇಡಿಯೋ:
ಪೈಪು ಪಿವಿಸಿ ಆದರೆ ಯಂತ್ರಕ್ಕೆ ಕಾಣುವುದಿಲ್ಲ. ವಾಲ್ವ್ ಹಿತ್ತಾಳೆಯದೋ ಕಬ್ಬಿಣದ್ದೋ ಆದರೆ ಜೋರಾಗಿ ಕೂಗುತ್ತದೆ. ಎರಡು ವಾಲ್ವ್ ಸಿಕ್ಕರೆ ನಡುವಿನ ಪೈಪಿನ ದಾರಿ ನೀವೇ ಗೆರೆ ಎಳೆಯಬಹುದು.

ಕಾಫಿಕಣ_ಆಲೂರು:
ಗೆಳೆಯರನ್ನು ಕೇಳಿದೆ, ಒಪ್ಪಿದ್ದಾರೆ. ಭಾನುವಾರ ಬಂದು ತೆಗೆದುಕೊಂಡು ಹೋಗಿ ಅಣ್ಣ. ಸೆಲ್ ನೀವೇ ತನ್ನಿ.